ಪಕ್ಕದ ಮನೆಯವರ ಅರ್ಜಿ

ಮುಂಬಯಿಯಲ್ಲಿ ದೇವರಿಗೂ ಟೈಮ್‌ಟೇಬಲ್ ಉಂಟು. ಮಂಗಳವಾರ ಪ್ರಭಾದೇವಿಯ ಸಿದ್ಧಿವಿನಾಯಕ, ಗುರುವಾರ ಸಾಯಿಬಾಬಾ, ಶನಿವಾರ ಮಾರುತಿ. ಕ್ರೈಸ್ತರಾದ ನಾವೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಮಂಗಳವಾರ ಸಂತ ಅಂತೋಣಿಯವರು ಕಳೆದುಹೋದ ಪಾಸು, ಪರ್ಸು, ಉಂಗುರ ಹುಡುಕಿಕೊಡಬೇಕು. ಬುಧವಾರ ಮಾಹಿಮಿನ ನಿತ್ಯಸಹಾಯ ಮಾತೆ ಎಲ್ಲರ ಅಹವಾಲು ಕೇಳಬೇಕು. ತಿಂಗಳ ಮೊದಲ ಶುಕ್ರವಾರ ಯೇಸುವಿನ ಪವಿತ್ರ ಹೃದಯಕ್ಕೆ ಮೀಸಲು. ಬುಧವಾರ ಸಂಜೆ ಮಾಹಿಮಿನಲ್ಲಿ ಬಸ್ಸು ನಿಂತಲ್ಲೇ ನಿಂತರೆ ಯಾರೂ ಕಾರಣ ಕೇಳುವುದಿಲ್ಲ. ಕೇಳಿದವನು ಊರಿಗೆ ಹೊಸಬನೆಂದು ಕಂಡಕ್ಟರನಿಗೆ ಗೊತ್ತಾಗುತ್ತದೆ. ‘ಆಜ್ ಬುಧವಾರ್ ಹೈ ನಾ’ ಎಂದಷ್ಟೇ ಹೇಳಿ ಟಿಕೆಟ್ ಹರಿಯುತ್ತಾನೆ.

ಇವೆಲ್ಲ ನಮ್ಮ ಅಗತ್ಯ ನೋಡಿ ನಾವೇ ಗೊತ್ತುಮಾಡಿಕೊಂಡ ದಿನಗಳು. ಇನ್ನೊಂದು ಟೈಮ್‌ಟೇಬಲ್ ಉಂಟು, ಅದಕ್ಕೆ ನಮ್ಮ ಅಗತ್ಯದ ಗೊಡವೆಯೇ ಇಲ್ಲ. ದಿನದಿನದ ಬಲಿಪೂಜೆಯಲ್ಲಿ ಬೈಬಲಿನ ಯಾವ ಭಾಗ ಓದಬೇಕು ಎಂಬ ಪಟ್ಟಿ ಅದು. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದ ಮೇಲೆ, 1969ರಲ್ಲಿ, ರೋಮಿನಲ್ಲಿ ಹೊಸದಾಗಿ ಸಿದ್ಧವಾಯಿತು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು: ಒಂದು ವರ್ಷ ಮತ್ತಾಯ ಬರೆದ ಶುಭಸಂದೇಶ, ಮರುವರ್ಷ ಮಾರ್ಕ, ಅದರ ಮರುವರ್ಷ ಲೂಕ. ನಾಲ್ಕನೆಯವರಾದ ಯೊವಾನ್ನರಿಗೆ ಸ್ವಂತ ವರ್ಷವಿಲ್ಲ; ತಪಸ್ಸುಕಾಲ, ಪಾಸ್ಖಕಾಲಗಳಲ್ಲಿ ಅವರು ಬಂದು ಎಲ್ಲರ ಜಾಗದಲ್ಲೂ ಕುಳಿತುಕೊಳ್ಳುತ್ತಾರೆ. ವಾರದ ದಿನಗಳಲ್ಲಿ ಮೊದಲ ವಾಚನ ವರ್ಷದ ಹೆಚ್ಚಿನ ಕಾಲ ಸರಿ ವರ್ಷಕ್ಕೊಂದು, ಬೆಸ ವರ್ಷಕ್ಕೊಂದು. ಶುಭಸಂದೇಶ ಮಾತ್ರ ಪ್ರತಿವರ್ಷವೂ ಅದೇ.

ಶುಭಸಂದೇಶ ಅದೇ ಆದ ಮೇಲೆ ಗುರುಗಳ ನಗೆಹನಿಯೂ ಅದೇ. ಬೆಳಗಿನ ಆರೂವರೆಯ ಪೂಜೆಗೆ ಬರುವವರು ಪಳಗಿದ ಶ್ರೋತೃಗಳು. ರಾತ್ರಿ ಪಾಳಿ ಮುಗಿಸಿದ ನರ್ಸಮ್ಮ, ಮೂರು ಮನೆಯ ಕೆಲಸಕ್ಕೆ ಹೊರಟ ಹೆಂಗಸು, ಕೈಯಲ್ಲಿ ತರಕಾರಿ ಚೀಲ ಹಿಡಿದ ನಿವೃತ್ತ ಬ್ಯಾಂಕ್ ನೌಕರ, ಆಮೇಲಿನ ಫಾಸ್ಟ್ ಲೋಕಲ್ ಹಿಡಿಯಲೇಬೇಕಾದ ಇಬ್ಬರು ಮೂವರು. ಮೀನಿನ ಬಲೆಯ ಪ್ರಸಂಗ ಬಂತೆಂದರೆ ಮೊದಲ ಬೆಂಚಿನ ಹಿರಿಯರು ಗುರುಗಳು ಬಾಯಿ ತೆರೆಯುವ ಮೊದಲೇ ನಗುವುದಕ್ಕೆ ತಯಾರಾಗುತ್ತಾರೆ. ಗುರುಗಳು ವರ್ಗವಾಗಿ ಬೇರೆ ಚರ್ಚಿಗೆ ಹೋದಾಗ ನಗೆಹನಿಯೂ ಅವರ ಸಾಮಾನಿನ ಜೊತೆ ಹೋಗಿ, ಅಲ್ಲಿ ಹೊಸದಾಗುತ್ತದೆ. ವಾರದ ದಿನದ ಪ್ರಬೋಧನೆಗೆ ಮೂರು ನಿಮಿಷ ಎಂಬುದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಪಶ್ಚಿಮ ರೈಲ್ವೆ ಮಾಡಿದ ನಿಯಮ. ನಾಲ್ಕನೇ ನಿಮಿಷಕ್ಕೆ ಹಿಂದಿನ ಬೆಂಚುಗಳಲ್ಲಿ ಕೆಮ್ಮು ಕೇಳಿಬರುತ್ತದೆ.

ಚರ್ಚಿಗೆ ಬಾರದವರನ್ನೂ ಪಟ್ಟಿ ಬಿಡುವುದಿಲ್ಲ. ಬೆಳಗಾಗುವ ಮೊದಲೇ ವಾಟ್ಸಾಪಿನಲ್ಲಿ ಅಂದಿನ ವಾಚನ ಬಂದು ಬಿದ್ದಿರುತ್ತದೆ. ಮಂಗಳೂರಿನ ಅತ್ತಿಗೆ ಕಳಿಸುತ್ತಾಳೆ, ಕುವೈತಿನ ತಮ್ಮ ಕಳಿಸುತ್ತಾನೆ, ಎದುರು ಮನೆಯ ಆಂಟಿ ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದು ಕಳಿಸುತ್ತಾರೆ. ಮೂವರದೂ ಒಂದೇ ವಾಕ್ಯ. ಏಕೆಂದರೆ ಆ ದಿನ ಲೋಕದ ಹೆಚ್ಚಿನ ಕಥೋಲಿಕ ಚರ್ಚುಗಳಲ್ಲಿ ಅದೇ ವಾಕ್ಯ.

ನಾವು ಆರಿಸಿಕೊಂಡದ್ದಲ್ಲ ಎಂಬುದೇ ಈ ಓದಿನ ತಮಾಷೆ, ಅದರ ಏಟು ಕೂಡ. ಬೈಬಲನ್ನು ನಮ್ಮಷ್ಟಕ್ಕೆ ನಾವು ತೆರೆದರೆ ಬೆರಳು ತಾನಾಗಿ ಸಮಾಧಾನದ ಪುಟಗಳಿಗೇ ಹೋಗುತ್ತದೆ. ಪಟ್ಟಿಗೆ ಆ ದಾಕ್ಷಿಣ್ಯವಿಲ್ಲ. ಊರಿನ ಅಡಿಕೆ ತೋಟದ ಪಾಲಿನ ವಿಷಯದಲ್ಲಿ ಅಣ್ಣನ ಹತ್ತಿರ ಫೋನಿನಲ್ಲಿ ಜಗಳವಾಡಿ ರಾತ್ರಿ ನಿದ್ದೆ ಬಿಟ್ಟವನಿಗೆ, ಬೆಳಿಗ್ಗೆ ಸರಿಯಾಗಿ, ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಕೇಳಿದ ಪ್ರಸಂಗವೇ ಎದುರಾಗುತ್ತದೆ. ಯಾರೋ ಗುರುಗಳಿಗೆ ಚಾಡಿ ಹೇಳಿದ್ದಾರೆ ಎಂದು ಅವನ ಗುಮಾನಿ. ಪಟ್ಟಿ ಸಿದ್ಧವಾದದ್ದು 1969ರಲ್ಲಿ ಎಂದು ಹೇಳಿದರೂ ನಂಬುವುದಿಲ್ಲ.

ಓದುವವರ ಕಷ್ಟ ಬೇರೆ. ನಮ್ಮ ಮಂಗಳೂರು ಕಡೆಯವರಿಗೆ ಸೆಪ್ಟೆಂಬರ್ 8 ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡಾ ಆರಂಭಿಸಿದರೆಂದು ಹೇಳುವ ಈ ಹಬ್ಬ ನಮ್ಮ ಜೊತೆ ಬಸ್ಸು ಹತ್ತಿ ಮುಂಬಯಿಗೂ ಬಂತು. ಹೊಸ ತೆನೆಯ ಆಶೀರ್ವಾದ, ಮಕ್ಕಳ ಕೈಯಲ್ಲಿ ಹೂವು, ಮನೆಯಲ್ಲಿ ಮೀನು ಮಾಂಸವಿಲ್ಲದ ಊಟ. ಅಂದಿನ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯ: ಅಬ್ರಹಾಮನಿಂದ ಯೇಸುವಿನವರೆಗೆ ಮೂರು ಹದಿನಾಲ್ಕು ತಲೆಮಾರುಗಳ ವಂಶಾವಳಿ. ಹೂವು ಹಿಡಿದ ಮಕ್ಕಳು ಬಾಡುತ್ತಾರೆ, ಹೂವೂ ಬಾಡುತ್ತದೆ. ಜೆರುಬ್ಬಾಬೆಲ್, ಶೆಯಲ್ತಿಯೇಲ್ ಎಂದು ಹೆಸರುಗಳು ಇನ್ನೂ ಬರುತ್ತಲೇ ಇರುತ್ತವೆ. ಚಿಕ್ಕದಾಗಿ ಓದಲು ಪಟ್ಟಿಯಲ್ಲೇ ಅವಕಾಶ ಉಂಟು, ದಯಾಳುಗಳಾದ ಗುರುಗಳು ಅದನ್ನು ಬಳಸಿಕೊಳ್ಳುತ್ತಾರೆ. ಆದರೆ ಕೂತು ಕೇಳಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ದೇವರ ಮಗನ ಆ ಕುಟುಂಬದಲ್ಲೂ ಊರ ಬಾಯಿಗೆ ಬಿದ್ದ ಹೆಂಗಸರಿದ್ದರು, ಪರದೇಶದವರಿದ್ದರು, ಕೆಟ್ಟ ರಾಜರಿದ್ದರು. ಅಂಥವರನ್ನು ಮುಚ್ಚಿಟ್ಟಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಮದುವೆಯ ಮಾತುಕತೆ ನಡೆಯುವಾಗ ಎಷ್ಟು ಹೆಸರು ಮುಚ್ಚಿಡುತ್ತಾರೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ.

ವಾಚನ ಆಯಿತು, ಪ್ರಬೋಧನೆ ಆಯಿತು. ಅದರ ಬೆನ್ನಿಗೆ ಬರುವುದು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ: ಭಕ್ತವಿಶ್ವಾಸಿಗಳ ಪ್ರಾರ್ಥನೆ. ಇಷ್ಟು ಹೊತ್ತು ದೇವರು ಮಾತಾಡಿದ್ದಕ್ಕೆ ಈಗ ಜನ ಎದ್ದು ನಿಂತು ಉತ್ತರ ಕೊಡುವ ಸಮಯ. ಇದು ಬಹಳ ಹಳೆಯದು. ಸುಮಾರು 155ರಲ್ಲಿ ರೋಮಿನಲ್ಲಿದ್ದ ಸಂತ ಜಸ್ಟಿನ್ ಕ್ರೈಸ್ತರ ಕೂಟಗಳನ್ನು ವರ್ಣಿಸುವಾಗ, ವಾಚನದ ಬಳಿಕ ಎಲ್ಲರೂ ಎದ್ದು ಒಟ್ಟಾಗಿ ಪ್ರಾರ್ಥಿಸುತ್ತಾರೆ ಎಂದು ಬರೆದಿದ್ದಾರೆ. ಆಮೇಲೆ ಯಾವಾಗಲೋ ಇದು ಪೂಜೆಯಿಂದ ಜಾರಿಹೋಗಿ, ಶತಮಾನಗಳ ಕಾಲ ಪವಿತ್ರ ಶುಕ್ರವಾರ ಒಂದು ದಿನ ಮಾತ್ರ ಗಟ್ಟಿಯಾಗಿ ಉಳಿದುಕೊಂಡಿತು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನು ಭಾನುವಾರಗಳಿಗೂ ಹಬ್ಬಗಳಿಗೂ ಮರಳಿ ತಂದಿತು.

ಈ ಪ್ರಾರ್ಥನೆಯ ಬಿನ್ನಹಗಳಿಗೂ ಕ್ರಮ ಉಂಟು. ಮೊದಲು ಧರ್ಮಸಭೆಗಾಗಿ. ಎರಡನೆಯದು ಆಳುವವರಿಗಾಗಿ ಮತ್ತು ಇಡೀ ಲೋಕಕ್ಕಾಗಿ. ಮೂರನೆಯದು ಕಷ್ಟದಲ್ಲಿರುವವರಿಗಾಗಿ. ಕೊನೆಯದು ನಮ್ಮ ಊರು, ನಮ್ಮ ನೆರೆಹೊರೆಯವರಿಗಾಗಿ. ಗಮನಿಸಿ, ‘ನನಗಾಗಿ’ ಎಂಬ ಕಲಮೇ ಇಲ್ಲ. ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವ ಮೊದಲೇ ಹಾರಿ ಕಿಟಕಿಯ ಸೀಟು ಹಿಡಿಯುವ ಮುಂಬಯಿಕರನಿಗೆ ಇದು ದೊಡ್ಡ ಶಿಕ್ಷೆ. ಕ್ಯೂವಿನಲ್ಲಿ ಕೊನೆಗೆ ನಿಲ್ಲಿಸಿದ್ದೂ ಅಲ್ಲದೆ, ಸೀಟು ಬೇರೆಯವರಿಗೆ ಕೇಳು ಎನ್ನುತ್ತಾರೆ.

ನಮ್ಮಲ್ಲಿ ಒಂದೊಂದು ಭಾನುವಾರ ಒಂದೊಂದು ವಾಡೆಯವರು, ಅಂದರೆ ಕೇರಿಯವರು, ಬಿನ್ನಹ ಬರೆದು ಓದಬೇಕು. ನಮ್ಮ ಸರದಿ ಬಂದಾಗ ಚೀಟಿಗಳೆಲ್ಲ ನನ್ನ ಕೈಗೆ ಬರುತ್ತವೆ, ಕನ್ನಡಕ ಇರುವವನು ತಿದ್ದಬಲ್ಲ ಎಂಬ ನಂಬಿಕೆಯಿಂದ. ಬಿನ್ನಹ ಬರೆಯುವವರಲ್ಲಿ ಕೆಲವು ಜಾತಿ ಕಂಡಿದ್ದೇನೆ. ಕೆಲವರು ದೇವರಿಗೆ ಸುದ್ದಿ ಓದುತ್ತಾರೆ: ಎಲ್ಲಿ ಯುದ್ಧ, ಎಷ್ಟು ದಿನದಿಂದ, ಯಾರು ಯಾರ ಮೇಲೆ ಎಂದು ವಿವರವಾಗಿ ತಿಳಿಸಿ, ಕೊನೆಗೆ ಶಾಂತಿ ಕೇಳುವುದನ್ನು ಮರೆಯುತ್ತಾರೆ. ಕೆಲವರು ದೇವರಿಗೆ ಸಲಹೆಗಾರರು: ಹುಡುಗನಿಗೆ ಕೆನಡಾ, ಅದೂ ಸೆಪ್ಟೆಂಬರಿನ ಪ್ರವೇಶ, ಅರ್ಧ ಫೀಸು ಮಾಫಿ. ಇನ್ನು ಕೆಲವರು ದೇವರ ಹೆಗಲ ಮೇಲೆ ಬಂದೂಕಿಟ್ಟು ನೆರೆಯವರಿಗೆ ಗುರಿಯಿಡುವವರು: ‘ಬೇರೆಯವರ ಜಾಗದಲ್ಲಿ ಸ್ಕೂಟರ್ ನಿಲ್ಲಿಸುವವರ ಮನಸ್ಸನ್ನು ಪರಿವರ್ತಿಸು’ ಎಂದು ಓದುವಾಗ ಕಣ್ಣು ದೇವರ ಕಡೆಗಲ್ಲ, ಐದನೇ ಬೆಂಚಿನ ಕಡೆಗೆ. ಇಡೀ ಚರ್ಚು ಒಕ್ಕೊರಲಿನಿಂದ ‘ಪ್ರಭುವೇ, ನಮ್ಮ ಮೊರೆ ಕೇಳು’ ಎನ್ನುತ್ತದೆ. ಸ್ಕೂಟರಿನ ಯಜಮಾನ ಎಲ್ಲರಿಗಿಂತ ಗಟ್ಟಿಯಾಗಿ ಎನ್ನುತ್ತಾನೆ.

ಮಳೆಯ ಬಿನ್ನಹಕ್ಕೆ ವಿಶೇಷ ಎಚ್ಚರ ಬೇಕು. ಮೇ ತಿಂಗಳ ಕೊನೆಗೆ ಕೆರೆಗಳು ತಳ ಕಂಡು ನೀರಿಗೆ ಕಡಿತ ಬಿದ್ದಾಗ ಮಳೆ ಕೇಳುತ್ತೇವೆ. ಜುಲೈಯಲ್ಲಿ ಸಾಕು ಎನ್ನುತ್ತೇವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮೇಲಂತೂ ನಮ್ಮ ಕಡೆಯವರು ಮಳೆ ಕೇಳುವಾಗ ‘ಹದವಾದ’ ಎಂಬ ಒಂದು ಪದ ಸೇರಿಸಿಯೇ ಕೇಳುತ್ತಾರೆ.

ಆಳುವವರಿಗಾಗಿ ಪ್ರಾರ್ಥಿಸುವಾಗ ಕೆಲವರಿಗೆ ಗಂಟಲು ಕಟ್ಟುತ್ತದೆ. ಒಬ್ಬರಿಗೆ ಈ ಪಕ್ಷ ಆಗದು, ಇನ್ನೊಬ್ಬರಿಗೆ ಆ ಪಕ್ಷ. ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ ಅರಸರಿಗಾಗಿಯೂ ಅಧಿಕಾರಿಗಳಿಗಾಗಿಯೂ ಬೇಡಿಕೊಳ್ಳಿ ಎಂದು ಹೇಳಿದ್ದು ಕ್ರೈಸ್ತರನ್ನು ಕಂಡರಾಗದ ರೋಮಿನ ಚಕ್ರವರ್ತಿಗಳ ಕಾಲದಲ್ಲಿ. ಪವಿತ್ರ ಶುಕ್ರವಾರದ ಹತ್ತು ಮಹಾಬಿನ್ನಹಗಳಲ್ಲಿ ಯೆಹೂದ್ಯರಿದ್ದಾರೆ, ಕ್ರಿಸ್ತನನ್ನು ಒಪ್ಪದವರಿದ್ದಾರೆ, ದೇವರೇ ಇಲ್ಲ ಎನ್ನುವವರೂ ಇದ್ದಾರೆ. ದೇವರಿಲ್ಲ ಎನ್ನುವವನಿಗಾಗಿಯೇ ದೇವರ ಹತ್ತಿರ ಶಿಫಾರಸು ಮಾಡುವ ಈ ಔದಾರ್ಯ ನನಗೆ ಯಾವಾಗಲೂ ಇಷ್ಟ. ಹಾಗಿರುವಾಗ ನಮ್ಮ ವಾರ್ಡಿನ ನಗರಸೇವಕನಿಗೆ ಒಂದು ಬಿನ್ನಹ ದುಬಾರಿಯಲ್ಲ.

ಬಿನ್ನಹ ಹೇಗಿರಬೇಕು ಎಂಬುದಕ್ಕೆ ಬೈಬಲಿನಲ್ಲಿ ಎರಡು ಮಾದರಿ ಉಂಟು, ಒಂದಕ್ಕೊಂದು ಪೂರ್ತಿ ವಿರುದ್ಧ. ಒಂದು ಅಬ್ರಹಾಮನದು. 2025ರ ಜುಲೈ 27, ಲೂಕನ ವರ್ಷದ ಒಂದು ಭಾನುವಾರ, ಆ ವಾಚನ ಬಂದಿತ್ತು. ಸೊದೋಮ್ ಪಟ್ಟಣವನ್ನು ನಾಶಮಾಡಲು ದೇವರು ಹೊರಟಾಗ ಅಬ್ರಹಾಮ ಅಡ್ಡ ನಿಲ್ಲುತ್ತಾನೆ. ಐವತ್ತು ಮಂದಿ ಸಜ್ಜನರಿದ್ದರೆ ಬಿಡುವೆಯಾ? ನಲವತ್ತೈದಿದ್ದರೆ? ನಲವತ್ತು? ಮೂವತ್ತು? ಇಪ್ಪತ್ತು? ಹತ್ತು? ದೇವರು ಪ್ರತಿ ಸಲವೂ ಒಪ್ಪುತ್ತಾ ಹೋಗುತ್ತಾನೆ. ಬಾಂದ್ರಾದ ಲಿಂಕಿಂಗ್ ರೋಡಿನಲ್ಲಿ ಚಪ್ಪಲಿಗೆ ಚೌಕಾಶಿ ಮಾಡಿದಂತೆಯೇ ಇದು. ಪೂಜೆ ಮುಗಿದು ಹೊರಗೆ ಕೊಡೆ ಬಿಡಿಸುತ್ತಾ ನಿಂತಾಗ ನಮ್ಮ ಎದುರು ಮನೆಯ ಆಂಟಿ ತೀರ್ಪು ಕೊಟ್ಟರು: ‘ಅವನು ಹತ್ತಕ್ಕೆ ನಿಲ್ಲಿಸಬಾರದಿತ್ತು. ನಾನಾಗಿದ್ದರೆ ಹೊರಟುಹೋದ ಹಾಗೆ ಮಾಡುತ್ತಿದ್ದೆ. ದೇವರೇ ಹಿಂದಿನಿಂದ ಕರೆಯುತ್ತಿದ್ದರು.’ ಅಬ್ರಹಾಮ ಆ ಊರಿನವನಲ್ಲ ಎಂಬುದನ್ನು ನೆನಪಿಡಬೇಕು. ಸೊದೋಮಿನಲ್ಲಿ ಅವನ ಸಹೋದರನ ಮಗನ ಮನೆಯೊಂದಿತ್ತು, ಅಷ್ಟೆ. ಆದರೆ ಕೇಳಿದ್ದು ಆ ಒಂದು ಮನೆಯನ್ನಲ್ಲ, ಇಡೀ ಊರನ್ನು.

ಇನ್ನೊಂದು ಮಾದರಿ ಕಾನಾ ಊರಿನ ಮದುವೆಯಲ್ಲಿ ಮರಿಯಮ್ಮನದು. ಚೌಕಾಶಿ ಇಲ್ಲ, ವಿವರಣೆ ಇಲ್ಲ, ಸಲಹೆಯಂತೂ ಇಲ್ಲವೇ ಇಲ್ಲ. ಇವರ ಬಳಿ ದ್ರಾಕ್ಷಾರಸ ಮುಗಿದಿದೆ ಎಂದಷ್ಟೇ ಮಗನಿಗೆ ತಿಳಿಸುತ್ತಾಳೆ. ಎಲ್ಲಿಂದ ತರಬೇಕು, ಎಷ್ಟು ತರಬೇಕು ಎಂದು ಹೇಳುವುದಿಲ್ಲ. ಮದುವೆಮನೆಯವರು ಅವಳಿಗೆ ಹೇಳಿದ್ದರೆಂದೂ ಬರೆದಿಲ್ಲ. ಅಡುಗೆಯ ಕಡೆ ಓಡಾಡುವಾಗ ತಾನೇ ಗಮನಿಸಿರಬೇಕು. ಚೀಟಿ ತಿದ್ದುವ ಕೆಲಸದಲ್ಲಿ ನಾನು ಅನುಸರಿಸುವ ವ್ಯಾಕರಣ ಇಷ್ಟೇ: ಯಾರಿಗೆ, ಏನು ಇಲ್ಲ. ಉಳಿದದ್ದೆಲ್ಲ ಹೊಡೆದುಹಾಕಿ.

ಮಾಹಿಮಿನಲ್ಲಿ ಹಾಗೆ ಹೊಡೆದುಹಾಕುವವರಿಲ್ಲ. 1948ರಲ್ಲಿ ಸಂತ ಮಿಖಾಯೆಲರ ಚರ್ಚಿನಲ್ಲಿ ನಿತ್ಯಸಹಾಯ ಮಾತೆಯ ಬುಧವಾರದ ನೊವೆನಾ ಪ್ರಾರ್ಥನೆ ಶುರುವಾದಾಗಿನಿಂದ ಅಲ್ಲಿಗೆ ಬರುವ ಕಾಗದಗಳಲ್ಲಿ ಈ ಊರಿನ ಚರಿತ್ರೆಯೇ ಉಂಟು. ಬೇಡಿಕೆಯ ಪತ್ರ, ಕೃತಜ್ಞತೆಯ ಪತ್ರ. ಅವುಗಳಿಂದ ಆರಿಸಿ ಓದುತ್ತಾರೆ. ಕೆಲಸ, ಮದುವೆ, ಮಗು, ವೀಸಾ, ಕುಡಿತ ಬಿಡದ ಗಂಡ, ಮಾತು ಬಿಟ್ಟ ಮಗಳು. ಬರೆದವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಪಾರ್ಸಿಗಳಿದ್ದಾರೆ. ಹೊರಗೆ ಮೇಣದ ಅಂಗಡಿಗಳಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಮಗು, ಮೇಣದ ಮನೆ. ಬಾಂದ್ರಾದ ಮೌಂಟ್ ಮೇರಿಯ ಜಾತ್ರೆಯಲ್ಲಿ ವಿಮಾನವೂ ಸಿಗುತ್ತದೆ. ಮುಂಬಯಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಸಾಲವಿಲ್ಲದೆ ಕೊಳ್ಳಬಹುದಾದ ಮನೆ ಆ ಮೇಣದ ಮನೆಯೊಂದೇ. ಓದಿದ ಪತ್ರ ಯಾರದೆಂದು ಗೊತ್ತಿರುವುದಿಲ್ಲ. ನಿಮ್ಮ ಪಕ್ಕದಲ್ಲಿ ನಿಂತ ಹೆಂಗಸಿನದೇ ಇರಬಹುದು. ಆದರೂ ಸಾವಿರ ಜನ ಅದಕ್ಕೆ ದನಿಗೂಡಿಸುತ್ತಾರೆ. ತಮ್ಮ ಪತ್ರಕ್ಕೆ ಮುಂದಿನ ಬುಧವಾರ ಅವರೂ ದನಿಗೂಡಿಸಲಿ ಎಂಬ ಸಣ್ಣ ಲೆಕ್ಕಾಚಾರವೂ ಇರಬಹುದು. ಇದ್ದರೆ ತಪ್ಪೇನಿಲ್ಲ, ಬಳಗ ನಡೆಯುವುದೇ ಅಂಥ ಲೆಕ್ಕದ ಮೇಲೆ.

ಮನೆಯೊಳಗಿನ ಬಿನ್ನಹದ ಗತ್ತೇ ಬೇರೆ. ನಮ್ಮಲ್ಲಿ ರಾತ್ರಿ ತೇರ್ಸ್, ಅಂದರೆ ಜಪಸರ, ಮುಗಿದ ಮೇಲೂ ಮಂಡಿ ಎತ್ತುವ ಹಾಗಿಲ್ಲ. ಅಜ್ಜಿಯ ಪಟ್ಟಿ ಆಗ ಶುರು. ಪರವೂರಿನಲ್ಲಿರುವವರಿಗೆ ಒಂದು, ಕಡಲಿನಲ್ಲಿರುವವರಿಗೆ ಒಂದು, ಕೋರ್ಟಿನ ಕೇಸಿಗೆ ಒಂದು, ಗಬ್ಬದ ದನಕ್ಕೆ ಒಂದು, ಸತ್ತ ಹಿರಿಯರಿಗೆ ಒಂದು. ಎಲ್ಲ ಮುಗಿಯಿತು ಎಂದು ಮಕ್ಕಳು ಏಳುವಷ್ಟರಲ್ಲಿ, ಯಾರೂ ಪ್ರಾರ್ಥಿಸುವವರಿಲ್ಲದ ಆತ್ಮಗಳಿಗಾಗಿ ಇನ್ನೊಂದು. ಆಮೇಲೆ ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಿದರೇ ಗಂಜಿ. ಊರು ಬಿಟ್ಟ ಮೇಲೆ ದನ ಹೋಯಿತು, ಕೋರ್ಟು ಕೇಸು ಉಳಿಯಿತು. ಪಟ್ಟಿ ಮಾತ್ರ ಅಂಧೇರಿ, ಕಲೀನಾ, ಬೊರಿವಲಿಯ ಫ್ಲ್ಯಾಟುಗಳಲ್ಲಿ ಈಗಲೂ ನಡೆಯುತ್ತಿದೆ. ಕೊಂಕಣಿ ಪ್ರಾರ್ಥನೆಯ ಪುಸ್ತಕವನ್ನು ಅಪ್ಪ ಕನ್ನಡ ಲಿಪಿಯಲ್ಲಿ ಹಿಡಿದಿರುತ್ತಾನೆ, ಇಲ್ಲಿ ಹುಟ್ಟಿದ ಮಗಳು ಅದೇ ಪ್ರಾರ್ಥನೆಯನ್ನು ರೋಮನ್ ಲಿಪಿಯಲ್ಲಿ. ಪುಟ ತಿರುಗಿಸುವ ಸದ್ದು ಒಂದೇ ಹೊತ್ತಿಗೆ ಕೇಳಿಸದಿದ್ದರೂ ‘ಆಮೆನ್’ ಒಟ್ಟಿಗೇ ಬರುತ್ತದೆ.

ಧೋಬಿ ತಲಾವಿನ ಗೋವೆಯವರ ಕೂಡುಗಳಲ್ಲೂ ಇದೇ ಕಾನೂನು. ಒಂದೊಂದು ಹಳ್ಳಿಯವರು ಒಂದೊಂದು ಕೂಡು ಮಾಡಿಕೊಂಡು, ಊರಿನ ಸಂತನ ಪೀಠ ಇಟ್ಟು, ಹಡಗಿನ ಕೆಲಸ ಹುಡುಕುತ್ತಾ ಬಂದವರಿಗೆ ಅಗ್ಗದಲ್ಲಿ ಒಂದು ಪೆಟ್ಟಿಗೆಯ ಜಾಗ ಕೊಟ್ಟರು. ಬದಲಿಗೆ ಸಂಜೆಯ ಜಪಸರಕ್ಕೆ ಹಾಜರಿರಬೇಕು. ಒಬ್ಬ ಹಡಗು ಹತ್ತಿದ ಮೇಲೆ ಉಳಿದವರು ಕಡಲಿನವರಿಗೆ ಬಿನ್ನಹ ಮಾಡುತ್ತಾರೆ. ಇವರು ಹತ್ತುವ ಹೊತ್ತಿಗೆ ಅವನು ಇಳಿದು ಬಂದು ಇವರಿಗಾಗಿ ಮಂಡಿಯೂರುತ್ತಾನೆ.

ಪ್ರಾರ್ಥಿಸಿ ಕೈಕಟ್ಟಿ ಕೂರುವವರೆಂದು ನಮ್ಮನ್ನು ಯಾರಾದರೂ ಹಂಗಿಸಿದರೆ ನಾನು 1896ರ ಕಥೆ ಹೇಳುತ್ತೇನೆ. ಆ ವರ್ಷ ಬೊಂಬಾಯಿಗೆ ಪ್ಲೇಗು ಬಂತು. ಗಿರ್ಗಾಂವ್, ಮಜಗಾಂವ್, ಬಾಂದ್ರಾದ ಓಣಿಗಳಲ್ಲಿ ಜನ ಶಿಲುಬೆಗಳನ್ನು ನೆಟ್ಟು, ಅವುಗಳ ಮುಂದೆ ನಿಂತು ಮೊರೆಯಿಟ್ಟರು. ಹಲವು ಶಿಲುಬೆಗಳು ಇವತ್ತೂ ಅಲ್ಲೇ ನಿಂತಿವೆ. ಮೇ ತಿಂಗಳಲ್ಲಿ ಅವುಗಳ ಮುಂದೆ ಜಪಸರ ನಡೆಯುತ್ತದೆ, ಆಮೇಲೆ ಬೇಯಿಸಿದ ಕಡಲೆ ಹಂಚುವುದುಂಟು. ಅದೇ 1896ರಲ್ಲಿ ಮಾಂಡವಿಯ ರೋಗಿಗಳನ್ನು ಪರೀಕ್ಷಿಸಿ, ಇದು ಪ್ಲೇಗೇ ಹೌದು ಎಂದು ಮೊದಲು ಸಾರಿದವರು ಗೋವೆಯ ಕಥೋಲಿಕ ವೈದ್ಯ ಡಾ. ಅಕಾಸಿಯೊ ವಿಯೇಗಾಸ್. ಇಲಿಗಳ ವಿರುದ್ಧ, ಕೊಳಕಿನ ವಿರುದ್ಧ ಓಡಾಡಿದ ಅವರ ಪ್ರತಿಮೆ ಧೋಬಿ ತಲಾವಿನಲ್ಲಿ ಉಂಟು. ಶಿಲುಬೆಯೂ ಬೇಕಾಯಿತು, ಡಾಕ್ಟರೂ ಬೇಕಾಯಿತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬೇಕೆಂದು ಆ ಓಣಿಯವರಿಗೆ ಹೊಳೆಯಲಿಲ್ಲ.

ಮಾರ್ಕನ ಎರಡನೇ ಅಧ್ಯಾಯದಲ್ಲಿ ಇದಕ್ಕೆ ಸರಿಹೋಗುವ ಪ್ರಸಂಗವೊಂದುಂಟು, ಜನವರಿಯ ವಾರದ ದಿನಗಳಲ್ಲಿ ಸಾಮಾನ್ಯವಾಗಿ ಬರುತ್ತದೆ. ಕಪೆರ್ನವುಮಿನಲ್ಲಿ ಯೇಸು ಇದ್ದ ಮನೆಯ ಬಾಗಿಲವರೆಗೂ ಜನ. ಪಾರ್ಶ್ವವಾಯು ಪೀಡಿತನೊಬ್ಬನನ್ನು ನಾಲ್ವರು ಹೊತ್ತು ತಂದರು. ಒಳಗೆ ಹೋಗಲಾಗದೆ ಮಾಡು ಹತ್ತಿ, ಅದನ್ನು ಕಿತ್ತು, ಚಾಪೆಯ ಸಮೇತ ಅವನನ್ನು ಕೆಳಗಿಳಿಸಿದರು. ಮುಂಬಯಿಯಲ್ಲಿ ಇದು ನಡೆಯುವ ಮಾತಲ್ಲ. ಮೇಲಿನ ಮನೆಯ ಬಚ್ಚಲಿನಿಂದ ಒಂದು ಹನಿ ಸೋರಿದ್ದಕ್ಕೇ ಸೊಸೈಟಿಯ ಮೀಟಿಂಗು ಮಧ್ಯರಾತ್ರಿಯವರೆಗೆ ನಡೆಯುವ ಊರು ಇದು. ರೋಗಿಯನ್ನು ಗುಣಪಡಿಸಿದ ದೇವರೂ ಸ್ಲ್ಯಾಬ್ ಒಡೆದವರನ್ನು ಕಾಪಾಡಲಾರ. ಆದರೆ ಮಾರ್ಕ ಒಂದು ಮಾತು ಬರೆದಿದ್ದಾನೆ: ಯೇಸು ಕಂಡದ್ದು ‘ಅವರ’ ವಿಶ್ವಾಸವನ್ನು. ಮಲಗಿದ್ದವನು ಬಾಯಿ ಬಿಟ್ಟು ಏನು ಕೇಳಿದನೆಂದು ಎಲ್ಲೂ ಇಲ್ಲ. ಕೇಳುವ ಶಕ್ತಿ ಇಲ್ಲದವನ ಪರವಾಗಿ ಮಾಡು ಹತ್ತುವ ನಾಲ್ಕು ಜನ ಇದ್ದರು, ಅಷ್ಟೇ.

ಬಿನ್ನಹ ಫಲಿಸುತ್ತದೆಯೇ ಎಂದು ಕೇಳುವವರಿಗೆ ನನ್ನಲ್ಲಿ ಅಂಕಿಅಂಶವಿಲ್ಲ. ಕೆನಡಾಕ್ಕೆ ಹೋದವರೂ ಇದ್ದಾರೆ, ಹೋಗದವರೂ ಇದ್ದಾರೆ. ಆದರೆ ಒಂದು ಫಲ ಖಂಡಿತ ಉಂಟು, ಅದು ಕೇಳಿದವನಿಗೇ ಸಿಗುವಂಥದು. ಭಾನುವಾರ ‘ಎರಡನೇ ಮಹಡಿಯ ಕಾಯಿಲೆಯವರಿಗಾಗಿ’ ಎಂದು ಗಟ್ಟಿಯಾಗಿ ಓದಿದವನು ಸೋಮವಾರ ಆ ಬಾಗಿಲು ದಾಟುವಾಗ ತಲೆ ತಗ್ಗಿಸಿ ಹೋಗಲಾರ. ಗಂಜಿಯೋ, ಔಷಧದ ಚೀಟಿಯೋ, ಕೊನೆಗೆ ‘ಹೇಗಿದ್ದೀರಿ’ ಎಂಬ ಮಾತೋ ಕೊಡಲೇಬೇಕಾಗುತ್ತದೆ. ದೇವರು ಅರ್ಜಿಯನ್ನು ಅರ್ಜಿದಾರನ ಕೈಗೇ ಮರಳಿ ಕೊಡುವ ಉಪಾಯ ಇದಿರಬೇಕು. ಎರಡು ಕೋಟಿ ಜನ ಗೋಡೆಗೆ ಗೋಡೆ ತಾಗಿಸಿ ಬದುಕುವ ಈ ಊರಿಗೆ ಇಂಥದೊಂದು ಅಭ್ಯಾಸ ಎಲ್ಲ ಊರುಗಳಿಗಿಂತ ಹೆಚ್ಚು ಬೇಕು.

ಆದುದರಿಂದ ಓದುಗರೇ, ನೀವು ಯಾವ ದೇವರ ವಾರ ಹಿಡಿದವರಾದರೂ ಸರಿ, ಯಾವ ವಾರವನ್ನೂ ಹಿಡಿಯದವರಾದರೂ ಸರಿ, ದಿನಕ್ಕೊಮ್ಮೆ ಪಕ್ಕದ ಮನೆಯವರಿಗಾಗಿ ಏನಾದರೂ ಕೇಳಿ. ಅವರ ಹೆಸರು, ಅವರ ಕಷ್ಟ ನಿಮಗೆ ಗೊತ್ತಿಲ್ಲವೆಂದಾದರೆ ಮೊದಲು ಹೋಗಿ ಅವರ ಬೆಲ್ ಒತ್ತಿ.